ಯಂತ್ರದ ಮೊದಲ ಮಾತು

ವಿದ್ಯುತ್ತು ಹರಿದ ಮೊದಲ ಕ್ಷಣದಲ್ಲಿ ಗಣಕಯಂತ್ರದ ಮಿದುಳಿಗೆ ಏನೂ ತಿಳಿಯದು. ಸ್ಮೃತಿಕೋಶವೆಷ್ಟು, ಪರದೆ ಎಲ್ಲಿ, ಕಡತಗಳು ಯಾವ ಪೆಟ್ಟಿಗೆಯಲ್ಲಿವೆ ಎಂಬುದೊಂದೂ ಅದರ ಅರಿವಿನಲ್ಲಿರುವುದಿಲ್ಲ. ಆಗ ಅದರ ಕಿವಿಯಲ್ಲಿ ಯಾರಾದರೂ ಮೊದಲ ಮಾತನ್ನು ಉಸುರಬೇಕು. ಆ ಮಾತಿಗೆ ಫರ್ಮ್‌ವೇರ್ ಎಂದು ಹೆಸರು. ಮುಟ್ಟಿ ನೋಡಬಹುದಾದ ಯಂತ್ರಾಂಶಕ್ಕೂ, ಬೇಕಾದಾಗ ಬದಲಿಸಬಹುದಾದ ತಂತ್ರಾಂಶಕ್ಕೂ ನಡುವಣ ವಸ್ತುವಿಗೆ 1967ರಲ್ಲಿ ಆಷರ್ ಆಪ್ಲರ್ ಎಂಬ ತಜ್ಞರು ಈ ಹೆಸರನ್ನು ಬಳಸಿದರು.

ಇಟಲಿಯಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೋ, ಇಂಗ್ಲೆಂಡಿನಿಂದ 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಮುಂತಾದ ಅಂಗೈಯಗಲದ ಬೋರ್ಡುಗಳು ಈಗ ಹವ್ಯಾಸಿಗಳ ಕೈಗೆ ಬಂದಿವೆ. ಇಂಥದೊಂದು ಬೋರ್ಡು ಸಕಲೇಶಪುರ, ಆಲೂರುಗಳ ಕಾಫಿ ತೋಟದಲ್ಲಿ ಮಳೆಯ ಲೆಕ್ಕವನ್ನಿಡಬಲ್ಲದು, ಪಂಪನ್ನು ನಡೆಸಬಲ್ಲದು. ಆದರೆ ಅದನ್ನು ಮಾರಿದವರು ಕೆಲವು ವರ್ಷಗಳ ತರುವಾಯ ಹೊಸ ಫರ್ಮ್‌ವೇರ್ ಕೊಡುವುದನ್ನು ನಿಲ್ಲಿಸಿದರೆ ಗತಿಯೇನು? ಮೂಲಪಾಠವು ಮುಕ್ತವಾಗಿದ್ದಲ್ಲಿ ಮನೆಯ ಹುಡುಗನೇ ಅದನ್ನು ಕಟ್ಟಿಕೊಳ್ಳಬಹುದು.

ಕಟ್ಟುವ ಕ್ರಮ ಹೀಗೆ. ಯು-ಬೂಟ್‌ನಂತಹ ಮುಕ್ತ ತಂತ್ರಾಂಶದ ಮೂಲಪಾಠವನ್ನು ಇಳಿಸಿಕೊಂಡು, ತನ್ನ ಬೋರ್ಡು ಯಾವುದೆಂದು ಮೊದಲು ತಿಳಿಸಬೇಕು. ಮೇಜಿನ ಗಣಕಯಂತ್ರದ ಭಾಷೆ ಬೇರೆ, ಬೋರ್ಡಿನ ಭಾಷೆ ಬೇರೆ. ಆದುದರಿಂದ ಇಲ್ಲಿ ಕುಳಿತು ಅಲ್ಲಿಯ ಭಾಷೆಗೆ ತಿರುಗಿಸುವ ಕ್ರಾಸ್ ಕಂಪೈಲರ್ ಬೇಕು. ಯಾವ ಭಾಗ ಎಲ್ಲಿದೆಯೆಂಬ ಪಟ್ಟಿಗೆ ಡಿವೈಸ್ ಟ್ರೀ ಎನ್ನುತ್ತಾರೆ. ಈ ಪಟ್ಟಿ ತಪ್ಪಿದರೆ ಕೆಲಸವೆಲ್ಲ ಕೆಟ್ಟಂತೆಯೇ. ಬೇರೆಯವರು ಕಟ್ಟಿಕೊಟ್ಟ ಕಡತವನ್ನು ತಂದರೆ, ಅದರ ಷಾ-256 ಮೊತ್ತದ 64 ಅಕ್ಷರಗಳನ್ನು ಪ್ರಕಟಿಸಿದ ಮೊತ್ತದೊಡನೆ ಹೋಲಿಸಿ ನೋಡುವುದು ವಿವೇಕ.

ಅಪಾಯವಿರುವುದು ಬರೆಯುವಾಗ. ಫ್ಲ್ಯಾಶ್ ಸ್ಮೃತಿಯಲ್ಲಿ ಹಳೆಯದರ ಮೇಲೆ ಹೊಸದನ್ನು ಹಾಗೆಯೇ ಬರೆಯಲಾಗದು. ಒಂದೊಂದು ಖಂಡವನ್ನೂ ಪೂರ್ತಿಯಾಗಿ ಅಳಿಸಿ ಬರೆಯಬೇಕು. ನಡುವೆ ವಿದ್ಯುತ್ತು ಹೋಯಿತೆನ್ನಿ: ಹಳೆಯ ಮಾತು ಅಳಿಯಿತು, ಹೊಸ ಮಾತು ಬರಲಿಲ್ಲ, ಬೋರ್ಡು ಮೂಕವಾಯಿತು. ಹವ್ಯಾಸಿಗಳು ಇದನ್ನು “ಇಟ್ಟಿಗೆಯಾಯಿತು” ಎನ್ನುತ್ತಾರೆ. ಎಡಕುಮೇರಿಯ ಮಳೆಗಾಲದಲ್ಲಿ ಇದು ಬರಿಯ ಊಹೆಯಲ್ಲ. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲು ಸಂಚಾರವೇ ಹಲವು ದಿನ ನಿಂತುಹೋಯಿತು. ಅಂತಹ ಎಡೆಯಲ್ಲಿ ಕೆಟ್ಟ ಬೋರ್ಡನ್ನು ಬೆಂಗಳೂರಿಗೆ ಕಳುಹಿಸಿ ಕಾಯುವುದು ಸುಲಭವಲ್ಲ. ಪರಿಹಾರ ಮನೆಯಲ್ಲಿಯೇ ಇರಬೇಕು.

ಘಟ್ಟದ ರೈಲುಮಾರ್ಗಗಳಲ್ಲಿ ಹಿಡಿತ ತಪ್ಪಿದ ಗಾಡಿಯನ್ನು ಏರುದಾರಿಗೆ ತಿರುಗಿಸಿ ನಿಲ್ಲಿಸುವ ಪಕ್ಕದ ಹಳಿಯುಂಟಷ್ಟೆ. ಅನೇಕ ಬೋರ್ಡುಗಳಲ್ಲಿಯೂ ಅಂತಹ ಏರ್ಪಾಡಿದೆ. ಚಿಪ್ಪಿನೊಳಗೆ ಯಾರೂ ಅಳಿಸಲಾಗದ ಒಂದು ಕಿರುಪಾಠವಿರುತ್ತದೆ. ಉಳಿದುದೆಲ್ಲ ಕೆಟ್ಟರೂ ಅದು ಮೆಮರಿ ಕಾರ್ಡಿನಿಂದಲೋ ಯುಎಸ್‌ಬಿ ತಂತಿಯಿಂದಲೋ ಹೊಸ ಫರ್ಮ್‌ವೇರನ್ನು ಓದಿಕೊಳ್ಳುತ್ತದೆ. ಆ ದಾರಿ ತನ್ನ ಬೋರ್ಡಿನಲ್ಲಿ ಉಂಟೇ ಎಂದು ಮೊದಲೇ ಅರಿಯುವುದು, ಹಳೆಯ ಫರ್ಮ್‌ವೇರಿನ ಪ್ರತಿಯೊಂದನ್ನು ತೆಗೆದಿಡುವುದು, ಬ್ಯಾಟರಿಯ ಆಸರೆಯಿಲ್ಲದೆ ಬರೆಯಲು ತೊಡಗದಿರುವುದು — ಈ ಮೂರು ಕಾರ್ಯ ಸಾಧಕನಿಗೆ ಕಡ್ಡಾಯ.

“ಅಂಗಡಿಯಲ್ಲಿ ಹೊಸದು ಸಿಕ್ಕುವಾಗ ಈ ತಾಪತ್ರಯವೇಕೆ?” ಎಂದು ಮನೆಯ ಹಿರಿಯರು ಕೇಳಿದರೆ ತಪ್ಪಲ್ಲ. ಉತ್ತರ ಕನ್ನಡನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯವರೂ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ಹೊರತಂದರು. ಅದು ಲಿನಕ್ಸ್‌ನಿಂದ ನಡೆಯುತ್ತಿತ್ತು. ಅದರ ಯಂತ್ರರಚನೆಗೂ ಮುಕ್ತವಾದ ಪರವಾನಗಿಯಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ “ಅಮಿಡಾ” ಎಂಬ ರೂಪದಲ್ಲಿ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗದೆ ಆ ಯಂತ್ರ ಮರೆಯಾಯಿತು. ಆದರೆ ಬರಹವನ್ನು ಕನ್ನಡದಲ್ಲಿ ಓದಿ ಹೇಳಲು ಅದರ ಸಲುವಾಗಿ ರಚಿತವಾದ “ಧ್ವನಿ” ಎಂಬ ತಂತ್ರಾಂಶದ ಮೂಲಪಾಠ ಮುಕ್ತವಾಗಿತ್ತು. ಅದನ್ನು ಬೇರೆಯವರು ಕೈಗೆತ್ತಿಕೊಂಡು ಮತ್ತಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಯು-ಬೂಟನ್ನು ಆರಂಭಿಸಿದ ಜರ್ಮನಿಯ ವುಲ್ಫ್‌ಗಾಂಗ್ ಡೆಂಕ್ 2022ರಲ್ಲಿ ತೀರಿಕೊಂಡರು. ಅವರ ಕೃತಿಯನ್ನು ಇತರರು ಮುಂದುವರಿಸುತ್ತಿದ್ದಾರೆ.

ಹಣ ಕೊಟ್ಟು ತಂದ ವಸ್ತು ಮಾರಿದವರ ಮೌನದಿಂದಲೇ ಕಸವಾಗಬೇಕಿಲ್ಲ. ಮಕ್ಕಳು ಹಳೆಯ ಬೋರ್ಡಿನೆದುರು ಸಂಜೆಯೆಲ್ಲ ಕುಳಿತಿದ್ದರೆ ಆಟವೆಂದು ಗದರುವ ಮೊದಲು, ಬ್ಯಾಟರಿ ತುಂಬಿದೆಯೇ ಎಂದು ವಿಚಾರಿಸುವುದು ಲೇಸು.