ಮುಗಿದ ಯುದ್ಧ, ಮುಗಿಯದ ಉಸಿರುಗಟ್ಟು

ಸಂಘದ ಗೋಷ್ಠಿಯೊಂದರಲ್ಲಿ ಇರಾನ್–ಇರಾಕ್ ಯುದ್ಧದ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು, “ಅದು 1988ಕ್ಕೇ ಮುಗಿದುಹೋದ ಕಥೆಯಲ್ಲವೇ?” ಎಂದರು. ನಾನು ಸುಮ್ಮನಿದ್ದೆ. ಆ ಮೌನಕ್ಕೆ ನಾಚಿ ಈಗ ಬರೆಯುತ್ತಿದ್ದೇನೆ.

1987ರ ಜೂನ್ 28ರಂದು ವಾಯವ್ಯ ಇರಾನಿನ ಕುರ್ದಿಶ್ ಪಟ್ಟಣ ಸರ್ದಶ್ತ್‌ನ ಜನವಸತಿಯ ಮೇಲೆ ಇರಾಕಿನ ವಿಮಾನಗಳು ಸಾಸಿವೆ ಅನಿಲದ ಬಾಂಬುಗಳನ್ನು ಕೆಡವಿದವು. ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಷ ತಗಲಿ ಉಳಿದವರು ಸಾವಿರಾರು. ಹೆಸರು ಅನಿಲವಾದರೂ ಇದು ಎಣ್ಣೆಯಂಥ ದ್ರವ. ತಗಲಿದ ಗಳಿಗೆಯಲ್ಲಿ ನೋವಿಲ್ಲ. ಗಂಟೆಗಳ ಬಳಿಕ ಚರ್ಮದ ಮೇಲೆ ಗುಳ್ಳೆಗಳೇಳುತ್ತವೆ, ಕಣ್ಣು ಬಾತು ಮುಚ್ಚುತ್ತದೆ. ಅಷ್ಟರಲ್ಲಿ ಅದು ಜೀವಕೋಶದ ಡಿಎನ್‌ಎಯನ್ನೇ ಕೆಡಿಸಿರುತ್ತದೆ. ಪ್ರತಿವಿಷ ಇಂದಿಗೂ ಇಲ್ಲ. ಗುಳ್ಳೆ ಮಾಯ್ದು ಮನೆಗೆ ಮರಳಿದವನ ಶ್ವಾಸಕೋಶದ ಕಿರುನಾಳಗಳು ವರ್ಷದಿಂದ ವರ್ಷಕ್ಕೆ ಗಡುಸಾಗಿ ಕಿರಿದಾಗುತ್ತವೆ. ವಾಸಿಯಾದಂತಿದ್ದ ಕಣ್ಣು ಹತ್ತಿಪ್ಪತ್ತು ವರ್ಷಗಳ ನಂತರ ಮತ್ತೆ ಹುಣ್ಣಾಗುತ್ತದೆ. ಆಮ್ಲಜನಕದ ಸಿಲಿಂಡರಿನ ಪಕ್ಕದಲ್ಲಿ, ಮಲಗಲಾರದೆ ಕುಳಿತೇ ರಾತ್ರಿ ಕಳೆದು, ಮೂವತ್ತು ವರ್ಷಗಳ ಮೇಲೆ ಅವನು ಸತ್ತರೆ ಇರಾನ್ ಅವನನ್ನು ಹುತಾತ್ಮನೆನ್ನುತ್ತದೆ. ಲೋಕಕ್ಕೆ ಅದು ಕೆಮ್ಮಿನಿಂದಾದ ಸಾವು.

ಹೀಗಾಗುವುದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಜಪಾನಿನ ಓಕುನೋಶಿಮಾ ದ್ವೀಪದಲ್ಲಿ 1945ರವರೆಗೆ ಇದೇ ವಿಷ ತಯಾರಿಸಿದ ಕಾರ್ಮಿಕರಲ್ಲಿ ಶ್ವಾಸಾಂಗದ ಕ್ಯಾನ್ಸರ್ ಹೆಚ್ಚಿದ್ದುದನ್ನು ವೈದ್ಯರು 1960ರ ದಶಕದಲ್ಲೇ ಪ್ರಕಟಿಸಿದ್ದರು. ಆದರೂ ಡಚ್ ವ್ಯಾಪಾರಿ ವಾನ್ ಆನ್ರಾಟ್ ಅದರ ಕಚ್ಚಾವಸ್ತುವನ್ನು ಟನ್ನುಗಟ್ಟಲೆ ಇರಾಕಿಗೆ ಮಾರಿದ. ಜವಳಿ ಉದ್ಯಮಕ್ಕೆಂದು ತಿಳಿದಿದ್ದೆ ಎಂದ. (ಎಂಥ ಮುಗ್ಧತೆ!) 2005ರಲ್ಲಿ ಡಚ್ ನ್ಯಾಯಾಲಯ ಅವನಿಗೆ 15 ವರ್ಷಗಳ ಸೆರೆವಾಸ ವಿಧಿಸಿತು. ಇರಾಕಿನ ಕಾರ್ಖಾನೆಗಳಿಗೆ ಉಪಕರಣ ಒದಗಿಸಿದ್ದ ಪಶ್ಚಿಮ ಜರ್ಮನಿಯ ಕಂಪನಿಗಳು ಎಷ್ಟು ತೆತ್ತವು?

ನಾವೂ ಬೆರಳು ತೋರಿಸಿ ಪಾರಾಗುವಂತಿಲ್ಲ. ರಾಸಾಯನಿಕ ಅಸ್ತ್ರ ತಯಾರಿಸುವುದಿಲ್ಲವೆಂದು 1992ರಲ್ಲಿ ಪಾಕಿಸ್ತಾನದೊಡನೆ ಜಂಟಿ ಘೋಷಣೆಗೆ ಸಹಿಹಾಕಿದ ಭಾರತ, ತನ್ನಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಸಾಸಿವೆ ವಿಷದ ದಾಸ್ತಾನಿದೆಯೆಂದು ಒಪ್ಪಿದ್ದು 1997ರಲ್ಲಿ. 2009ರಲ್ಲಿ ಅದನ್ನು ಪೂರ್ತಿ ನಾಶಗೊಳಿಸಿದ್ದು ಮೆಚ್ಚತಕ್ಕದ್ದೇ.

ನನ್ನ ತಕರಾರು ಇಲ್ಲಿದೆ. ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅಸ್ತ್ರನಾಶ ಕಡ್ಡಾಯ; ಅದಕ್ಕೆ ಗಡುವುಂಟು, ತಪಾಸಣೆಯುಂಟು. ಸಂತ್ರಸ್ತರಿಗೆ? 2011ರಲ್ಲಿ ಸದಸ್ಯ ರಾಷ್ಟ್ರಗಳು ಒಂದು ನೆರವಿನ ಜಾಲವನ್ನೂ ನಿಧಿಯನ್ನೂ ಸ್ಥಾಪಿಸಿದವು. ದೇಣಿಗೆ ಮಾತ್ರ ಐಚ್ಛಿಕ! ಪೀಪಾಯಿ ಸುಡುವುದು ಕರ್ತವ್ಯ, ಸುಟ್ಟ ಶ್ವಾಸಕೋಶಕ್ಕೆ ಮದ್ದು ಕೊಡುವುದು ದಾನವೇ? ಕಚ್ಚಾವಸ್ತುವನ್ನೂ ಯಂತ್ರವನ್ನೂ ಮಾರಿದ ದೇಶಗಳ ಹೆಸರಿನ ಮುಂದೆ ಮೊತ್ತ ಬರೆದು, ಅದನ್ನು ಕಡ್ಡಾಯ ಮಾಡಬೇಕು. ದಾಸ್ತಾನು ಬಚ್ಚಿಟ್ಟಿದ್ದ ನಮ್ಮ ಸರಕಾರವೇ ಹೇಗ್‌ನ ಸಭೆಯಲ್ಲಿ ಮೊದಲು ಈ ಮಾತೆತ್ತಲಿ.