ತಲೆಯೊಳಗಿನ ರಕ್ತನಾಳದ ಗಡ್ಡೆ: ‘ಸಾದಾ’ ಎಂಬ ಮಾತಿಗೆ ಮೈಮರೆಯಬಾರದು

‘ಕ್ಯಾನ್ಸರ್ ಅಲ್ಲ, ಸಾದಾ ಗಡ್ಡೆ’ ಎಂದು ವೈದ್ಯರು ಹೇಳಿದೊಡನೆ ರೋಗಿಯ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆ ಸಮಾಧಾನ ಸಹಜವಾದುದು. ಆದರೆ ಗಡ್ಡೆಯು ತಲೆಬುರುಡೆಯೊಳಗಿದ್ದಾಗ ಅದೇ ಸಮಾಧಾನದಲ್ಲಿ ಕಾಲ ಕಳೆಯುವುದು ಪ್ರಾಣಕ್ಕೆ ಎರವಾಗಬಹುದು. ಅಡಿಕೆ ಕೊಯ್ಲು ಮುಗಿಯಲಿ, ಮಗಳ ಮದುವೆಯಾಗಲಿ, ಅಲ್ಲಿಯವರೆಗೆ ನಾಟಿ ಔಷಧಿ ನೋಡೋಣ ಎಂಬ ಮಾತುಗಳನ್ನು ಸಂತೇಬೆನ್ನೂರಿನ ಸುತ್ತಮುತ್ತ ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಆದಕಾರಣ ಅಪರೂಪದ ಒಂದು ಗಡ್ಡೆಯ ವಿಚಾರವನ್ನು ಭಕ್ತರ ಮುಂದಿಡಲು ಬಯಸುತ್ತೇವೆ.

ಅದರ ಹೆಸರು ಹಿಮ್ಯಾಂಜಿಯೋಬ್ಲಾಸ್ಟೋಮಾ. ಅತಿ ಸೂಕ್ಷ್ಮವಾದ ರಕ್ತನಾಳಗಳು ಹೆಣೆದುಕೊಂಡು ಬೆಳೆಯುವ ಗಡ್ಡೆಯಿದು. ತಲೆಯೊಳಗಿನ 100 ಗಡ್ಡೆಗಳಲ್ಲಿ ಒಂದೆರಡು ಮಾತ್ರ ಈ ಬಗೆಯವು. ಹೆಚ್ಚಾಗಿ ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಕಾಣಿಸುತ್ತದೆ. ಕ್ಯಾನ್ಸರಿನಂತೆ ಅಂಗದಿಂದ ಅಂಗಕ್ಕೆ ಹಬ್ಬುವ ಸ್ವಭಾವ ಇದಕ್ಕಿಲ್ಲ. ಆದರೆ ತಲೆಬುರುಡೆ ಹಿಗ್ಗುವ ವಸ್ತುವಲ್ಲ. ಗಡ್ಡೆ ಕಡಲೆಕಾಳಿನಷ್ಟಿದ್ದರೂ ಅದರ ಬದಿಯಲ್ಲಿ ದ್ರವ ತುಂಬಿದ ಚೀಲವೊಂದು ಬೆಳೆದು, ಮೆದುಳಿನ ದ್ರವ ಹರಿಯುವ ದಾರಿಯನ್ನು ಅದುಮುತ್ತದೆ. ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ, ನಡೆಯುವಾಗ ಓಲಾಟ, ತುತ್ತೆತ್ತುವಾಗ ಕೈನಡುಕ, ಒಂದು ವಸ್ತು ಎರಡಾಗಿ ಕಾಣುವುದು ಇದರ ಲಕ್ಷಣಗಳು. ವಾಂತಿಯನ್ನೆಲ್ಲ ‘ಪಿತ್ತ’ವೆಂದು ತಳ್ಳಿಹಾಕುವುದು ಸಲ್ಲದು. ಕೆಲವರಲ್ಲಿ ಈ ಗಡ್ಡೆ ರಕ್ತಕಣಗಳನ್ನು ವೃದ್ಧಿಸುವ ರಸವನ್ನು ಸ್ರವಿಸಿ ಹಿಮೋಗ್ಲೋಬಿನ್ ಪ್ರಮಾಣವನ್ನು ಮಿತಿಮೀರಿ ಏರಿಸುವುದೂ ಉಂಟು. ಇಂಥ ಲಕ್ಷಣಗಳು ಒಟ್ಟಾಗಿ ಕಂಡಲ್ಲಿ ಎಂ.ಆರ್.ಐ. ಪರೀಕ್ಷೆ ಅಗತ್ಯ, ಅದಕ್ಕೆ ದಾವಣಗೆರೆಗೆ ಹೋದರೆ ಸಾಕು.

‘ಆಯುರ್ವೇದದಲ್ಲಿ ಇದನ್ನು ಕರಗಿಸುವ ಔಷಧವಿಲ್ಲವೇ?’ ಎಂದು ಅನೇಕರು ಕೇಳುತ್ತಾರೆ. ಇಲ್ಲ. ಯಾವ ಕಷಾಯ, ಲೇಹ್ಯ, ಭಸ್ಮದಿಂದಲೂ ಈ ಗಡ್ಡೆ ಕರಗುವುದಿಲ್ಲ. ಕರಗಿಸುತ್ತೇವೆ ಎಂಬವರನ್ನು ನಂಬಬೇಡಿರಿ. ಹೀಗೆ ಹೇಳುವುದರಿಂದ ನಮ್ಮ ಶಾಸ್ತ್ರಕ್ಕೆ ಕುಂದು ಬರುವುದಿಲ್ಲ. ರಕ್ತಾರ್ಬುದವನ್ನೂ ಮರ್ಮಸ್ಥಾನದಲ್ಲಿ ಹುಟ್ಟಿದ ಅರ್ಬುದವನ್ನೂ ಸುಶ್ರುತಾಚಾರ್ಯರು ಅಸಾಧ್ಯಗಳ ಸಾಲಿನಲ್ಲಿ ಇಟ್ಟರು. ಚರಕಾಚಾರ್ಯರು ಶಿರಸ್ಸನ್ನು ಮೂರು ಪ್ರಧಾನ ಮರ್ಮಗಳಲ್ಲಿ ಒಂದೆಂದು ಎಣಿಸಿದರು. ಗುಲ್ಮ ಚಿಕಿತ್ಸೆಯಲ್ಲಿ ಶಸ್ತ್ರಕ್ರಿಯೆಯ ಸಂದರ್ಭ ಬಂದಾಗ, ಇಲ್ಲಿ ಅಧಿಕಾರ ಧನ್ವಂತರಿ ಸಂಪ್ರದಾಯದವರದು ಎಂದು ಅವರೇ ಬಿಟ್ಟುಕೊಟ್ಟರು. ಆದ್ದರಿಂದ ರೋಗಿಯನ್ನು ಶಸ್ತ್ರವೈದ್ಯರಲ್ಲಿಗೆ ಕಳುಹಿಸುವ ಆಯುರ್ವೇದ ವೈದ್ಯನು ಶಾಸ್ತ್ರವನ್ನೇ ಪಾಲಿಸುತ್ತಾನೆಂಬುದು ನಮ್ಮ ನಿಲುವು.

ಈ ಗಡ್ಡೆಗೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಚೂರುಚೂರಾಗಿ ಕತ್ತರಿಸಿದರೆ ರಕ್ತಸ್ರಾವವಾಗುವುದರಿಂದ, ಸುತ್ತಲಿನ ರಕ್ತನಾಳಗಳನ್ನು ಮೊದಲು ಮುಚ್ಚಿ, ಸೂಕ್ಷ್ಮದರ್ಶಕದ ಸಹಾಯದಿಂದ ಗಡ್ಡೆಯನ್ನು ಇಡಿಯಾಗಿ ಬಿಡಿಸುತ್ತಾರೆ. ಗಡ್ಡೆ ಹೋದರೆ ದ್ರವದ ಚೀಲ ತಾನಾಗಿ ಕುಗ್ಗುತ್ತದೆ. ಅಪಾಯವೇ ಇಲ್ಲದ ಕ್ರಿಯೆ ಇದಲ್ಲ. ಆದರೆ ಗಡ್ಡೆ ಪೂರ್ಣವಾಗಿ ಹೊರಬಂದರೆ ಹೆಚ್ಚಿನವರು ಗುಣಹೊಂದುತ್ತಾರೆ. ಆಳದಲ್ಲಿರುವ ಚಿಕ್ಕ ಗಡ್ಡೆಗಳಿಗೆ ತಲೆ ತೆರೆಯದೆ ವಿಕಿರಣವನ್ನು ಗುರಿಯಿಟ್ಟು ಹಾಯಿಸುವ ಗಾಮಾ ನೈಫ್ ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಎರಡೂ ಲಭ್ಯ. ವೆಚ್ಚಕ್ಕೆ ಅಂಜುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕುರಿತು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶವಿದೆ.

ಇನ್ನೊಂದು ಮಾತು ಮನೆತನಕ್ಕೆ ಸಂಬಂಧಿಸಿದ್ದು. ಈ ಗಡ್ಡೆಯುಳ್ಳ 4 ಜನರಲ್ಲಿ ಸುಮಾರು ಒಬ್ಬರಿಗೆ ಅದು ವಾನ್ ಹಿಪ್ಪೆಲ್–ಲಿಂಡೌ ಎಂಬ ಆನುವಂಶಿಕ ರೋಗದ ಅಂಗವಾಗಿ ಬಂದಿರುತ್ತದೆ. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ. 50. ಕಣ್ಣಿನ ಅಕ್ಷಿಪಟಲ, ಬೆನ್ನುಹುರಿ, ಮೂತ್ರಪಿಂಡಗಳಲ್ಲಿಯೂ ಗಡ್ಡೆಗಳು ಏಳಬಹುದು. ಇದು ನಾಗದೋಷವೂ ಅಲ್ಲ, ಹಿರಿಯರ ಶಾಪವೂ ಅಲ್ಲ. 3ನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ ದೋಷ. ಮಕ್ಕಳ ಸಂಬಂಧ ಕೂಡಿಬರದೆಂಬ ಭಯದಿಂದ ಮುಚ್ಚಿಟ್ಟರೆ, ಉಳಿಸಬಹುದಾಗಿದ್ದ ಮಕ್ಕಳ ಕಣ್ಣೇ ಹೋಗಬಹುದು. ಒಬ್ಬರಲ್ಲಿ ಈ ರೋಗ ತಿಳಿದುಬಂದರೆ ಒಡಹುಟ್ಟಿದವರೂ ಮಕ್ಕಳೂ ತಜ್ಞರ ಸಲಹೆಯಂತೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹಾಗಾದರೆ ನಮ್ಮಂಥ ವೈದ್ಯರಿಗೆ ಕೆಲಸವಿಲ್ಲವೇ? ಉಂಟು. ಲಕ್ಷಣವನ್ನು ಗುರುತಿಸಿ ತಡಮಾಡದೆ ಕಳುಹಿಸುವುದು ಮೊದಲನೆಯದು. ಶಸ್ತ್ರಕ್ರಿಯೆಯ ನಂತರ ಪಥ್ಯಾಹಾರ, ನಿದ್ರೆ, ಮಲಶೋಧನೆ, ನಡಿಗೆಯ ಅಭ್ಯಾಸ, ಮನೋಧೈರ್ಯ ಇವುಗಳಲ್ಲಿ ನೆರವಾಗುವುದು ಎರಡನೆಯದು. ಸೇವಿಸುತ್ತಿರುವ ಕಷಾಯ, ಭಸ್ಮಗಳನ್ನು ಶಸ್ತ್ರವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿರಿ. ಅವರು ಕೊಟ್ಟ ಮಾತ್ರೆಗಳನ್ನು ತಮ್ಮಷ್ಟಕ್ಕೆ ನಿಲ್ಲಿಸಬೇಡಿರಿ.

ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ಅವರಿಗೆ ವೈದ್ಯವೃತ್ತಿಯೇ ಕಾಯಕ. ತನ್ನಿಂದಾಗದುದನ್ನು ಆಗದೆಂದು ಹೇಳಿ, ಆಗುವಲ್ಲಿಗೆ ದಾರಿ ತೋರಿಸುವುದೂ ಆ ಕಾಯಕದ ಭಾಗವೆಂದು ನಾವು ತಿಳಿದಿದ್ದೇವೆ. ಶ್ರೀಮಠಕ್ಕೆ ಹರಕೆ ಹೊತ್ತವರು ಅವಶ್ಯವಾಗಿ ಸಲ್ಲಿಸಲಿ. ಆದರೆ ಹರಕೆ ಸಲ್ಲುವವರೆಗೆ ಚಿಕಿತ್ಸೆಯನ್ನು ಮುಂದೂಡದಿರಲಿ. ಶರಣು.