ನಿಮ್ಮ ಬೆರಳ ತುದಿಯ ಕಂಪೋಸಿಟರ್ ಯಾರ ಆಳು?

ಕನ್ನಡದ ಗೆಳೆಯರೇ,

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಎಲ್ಲಿ ಎಂದು ಕೇಳುವ ಎದೆಗಾರಿಕೆ ನಿಮಗಿದೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಆ ಪ್ರಶ್ನೆ ಎದ್ದಿತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಕಡ್ಡಾಯವಾಯಿತು. ಸಂತೋಷ. ಈಗ ನಾನು ಇನ್ನೊಂದು ಬೋರ್ಡಿನ ಬಗ್ಗೆ ಕೇಳುತ್ತೇನೆ. ಅದು ನಿಮ್ಮ ಜೇಬಿನಲ್ಲೇ ಇದೆ. ದಿನಕ್ಕೆ ನೂರು ಸಲ ಅದರ ಮೇಲೆ ಬೆರಳಾಡಿಸುತ್ತೀರಿ. ನಿಮ್ಮ ಮೊಬೈಲಿನ ಕೀಬೋರ್ಡು! ಅದು ಯಾರದ್ದು? ಯಾರು ಮಾಡಿದ್ದು? ನೀವು ಒತ್ತಿದ ಅಕ್ಷರವನ್ನು ಅದು ಏನು ಮಾಡುತ್ತದೆ? ಹೇಳಿ ನೋಡೋಣ.

ಹೊಸ ಕೀಬೋರ್ಡ್ ಆ್ಯಪ್ ಹಾಕಿಕೊಂಡಾಗ ಆಂಡ್ರಾಯ್ಡ್ ಫೋನು ಒಂದು ಎಚ್ಚರಿಕೆ ಕೊಡುತ್ತದೆ. ನೀವು ಟೈಪ್ ಮಾಡುವ ಎಲ್ಲವನ್ನೂ, ಪಾಸ್‌ವರ್ಡ್ ಮತ್ತು ಕ್ರೆಡಿಟ್ ಕಾರ್ಡ್ ನಂಬರನ್ನೂ ಸೇರಿಸಿ, ಈ ಆ್ಯಪ್ ಸಂಗ್ರಹಿಸಬಹುದು ಎಂಬುದು ಅದರ ಸಾರ. ನಾವೇನು ಮಾಡುತ್ತೇವೆ? ಓದುವುದೇ ಇಲ್ಲ. 'ಓಕೆ' ಒತ್ತಿ ಮುಂದೆ ಹೋಗುತ್ತೇವೆ. ಖಾಲಿ ಕಾಗದಕ್ಕೆ ಸಹಿ ಹಾಕಿಕೊಟ್ಟ ಹಾಗೆ!

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಕಂಪ್ಯೂಟರ್ ಪಂಡಿತನಲ್ಲ. ಆದರೆ ಅಕ್ಷರದ ಗುಟ್ಟು ಕಾಯುವುದು ಎಂದರೇನು ಎಂಬುದು ಗೊತ್ತು. ಮೊಳೆ ಜೋಡಿಸುವ ಕಾಲದಲ್ಲಿ ಪ್ರೆಸ್ಸಿಗೆ ಬಂದ ಪ್ರತಿಯೊಂದು ಅಕ್ಷರವನ್ನೂ ಊರಿಗಿಂತ ಮೊದಲು ಓದುತ್ತಿದ್ದವನು ಕಂಪೋಸಿಟರ್. ಶಾಲೆಯ ಪ್ರಶ್ನೆಪತ್ರಿಕೆ, ಚುನಾವಣೆಯ ಕರಪತ್ರ, ಕೋರ್ಟಿನ ನೋಟಿಸು, ಎಲ್ಲವೂ ಮೊದಲು ಅವನ ಬೆರಳ ಕೆಳಗೇ ಹಾದುಹೋಗಬೇಕು. ಅದಕ್ಕೇ ಒಳ್ಳೆಯ ಕಂಪೋಸಿಟರ್‌ಗೆ ಇರಬೇಕಾದ ಗುಣ ಎರಡು. ಕೈ ಚುರುಕಾಗಿರಬೇಕು, ಬಾಯಿ ಬಿಗಿಯಾಗಿರಬೇಕು. ನಿಮ್ಮ ಫೋನಿನ ಕೀಬೋರ್ಡು ಈ ಕಾಲದ ಕಂಪೋಸಿಟರ್. ಅವನ ಕೈ ಚುರುಕಾಗಿದೆ, ಒಪ್ಪಿದೆ. ಬಾಯಿ?

ಬೇಲಿಯೇ ಹೊಲ ಮೇಯ್ದ ಕತೆಗಳು

ಇದು ಬರೀ ಅನುಮಾನದ ಮಾತಲ್ಲ. 2017ರ ಡಿಸೆಂಬರಿನಲ್ಲಿ 'ಎ.ಐ. ಟೈಪ್' ಎಂಬ ಕೀಬೋರ್ಡ್ ಆ್ಯಪಿನ ಬಂಡವಾಳ ಬಯಲಾಯಿತು. 3 ಕೋಟಿ 10 ಲಕ್ಷ ಬಳಕೆದಾರರ ವಿವರಗಳು ಪಾಸ್‌ವರ್ಡ್ ಕೂಡ ಇಲ್ಲದ ಸರ್ವರಿನಲ್ಲಿ ಬಿದ್ದಿದ್ದವು. ಹೆಸರು, ಫೋನ್ ನಂಬರು, ಇಮೇಲ್, ಇರುವ ಜಾಗ, ಜೊತೆಗೆ ಫೋನಿನಲ್ಲಿದ್ದ ಸ್ನೇಹಿತರ ನಂಬರುಗಳು! ಅಕ್ಷರ ಮೂಡಿಸುವ ಆ್ಯಪಿಗೆ ನಿಮ್ಮ ಚಿಕ್ಕಪ್ಪನ ಫೋನ್ ನಂಬರು ಯಾಕೆ ಬೇಕು ಸ್ವಾಮಿ?

ಅದಕ್ಕೂ ಮೊದಲು, 2016ರಲ್ಲಿ, ಹೆಸರುವಾಸಿಯಾದ ಸ್ವಿಫ್ಟ್‌ಕೀ ಕೀಬೋರ್ಡು ಕೆಲವರಿಗೆ ಗುರುತು ಪರಿಚಯವಿಲ್ಲದ ಬೇರೆಯವರ ಇಮೇಲ್ ವಿಳಾಸಗಳನ್ನು ಸಲಹೆಯಾಗಿ ತೋರಿಸಿತು. ಕಂಪೆನಿ ತನ್ನ ಸಿಂಕ್ ಸೇವೆಯನ್ನೇ ನಿಲ್ಲಿಸಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಒಂದು ವರದಿ ಹೊರತಂದಿತು. ಚೀನೀ ಭಾಷೆ ಟೈಪ್ ಮಾಡುವ ಕೀಬೋರ್ಡುಗಳನ್ನು ಅವರು ಪರೀಕ್ಷೆ ಮಾಡಿದ್ದರು. ಒಂಬತ್ತು ಕಂಪೆನಿಗಳ ಪೈಕಿ ಎಂಟರಲ್ಲಿ ತೂತು! ಒತ್ತಿದ ಅಕ್ಷರಗಳು ಸರ್ವರಿಗೆ ಹೋಗುವ ದಾರಿಯಲ್ಲೇ ಕದ್ದು ಓದಬಹುದಾಗಿತ್ತು. ನೂರು ಕೋಟಿ ಜನರವರೆಗೆ ಇದರ ಬಿಸಿ ತಟ್ಟಬಹುದು ಎಂದು ಅವರ ಅಂದಾಜು. ಅದು ಚೀನಾದ ಕತೆ, ನಮಗೇನು ಎನ್ನಬೇಡಿ. ಪರೀಕ್ಷೆಗೆ ಒಳಗಾದ ಕಂಪೆನಿಗಳ ಪಟ್ಟಿಯಲ್ಲಿ ಒಪ್ಪೋ, ವಿವೋ, ಶಓಮಿ, ಸ್ಯಾಮ್‌ಸಂಗ್ ಇದ್ದವು. ನಮ್ಮ ಮೆಜೆಸ್ಟಿಕ್ಕಿನ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಫೋನುಗಳ ಹೆಸರೇ ಅವು. ಕನ್ನಡದ ಕೀಬೋರ್ಡಿನಲ್ಲಿ ಇದೇ ತೂತು ಇದೆ ಎಂದು ನಾನು ಹೇಳುತ್ತಿಲ್ಲ. ಅಕ್ಷರ ಫೋನು ಬಿಟ್ಟು ಹೊರಗೆ ಹೊರಟರೆ ಏನಾಗಬಹುದು ಎಂಬುದಕ್ಕೆ ಇದು ಪಾಠ ಎನ್ನುತ್ತಿದ್ದೇನೆ.

ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಕೇಳುವವರಿದ್ದಾರೆ. ಇದೆ ತಮ್ಮಾ! ನಾಳೆ ಧರಣಿ ಎಲ್ಲಿ, ಎಷ್ಟು ಗಂಟೆಗೆ, ಯಾರ್‍ಯಾರು ಬರುತ್ತಾರೆ ಎಂದು ನೀನು ಟೈಪ್ ಮಾಡುವುದು ಆ ಕೀಬೋರ್ಡಿನಲ್ಲೇ. ಗೆಳತಿಗೆ ಬರೆಯುವುದು, ಡಾಕ್ಟರಿಗೆ ಬರೆಯುವುದು, ಅಮ್ಮನ ಪಿಂಚಣಿ ಖಾತೆಯ ಪಾಸ್‌ವರ್ಡ್ ಹಾಕುವುದು, ಎಲ್ಲವೂ ಅಲ್ಲೇ. ವಾಟ್ಸಾಪ್ ನಿನ್ನ ಮಾತಿಗೆ ಬೀಗ ಹಾಕಿ ಕಳಿಸುತ್ತದೆ, ನಿಜ. ಆದರೆ ಬೀಗ ಹಾಕುವ ಮೊದಲೇ ಕೀಬೋರ್ಡು ಅದನ್ನು ಓದಿರುತ್ತದೆ.

ಖಾಸಗಿತನ ಎಂಬುದು ಇಂಗ್ಲಿಷ್ ಓದಿದ ಶ್ರೀಮಂತರ ಖಯಾಲಿಯೂ ಅಲ್ಲ. ಅದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆಗೆ ಯಾರ ಹೆಸರಿದೆ ಗೊತ್ತೇ? ನಮ್ಮದೇ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿ ಅವರದು. ಇಡೀ ದೇಶಕ್ಕೆ ಈ ಹಕ್ಕನ್ನು ಗೆದ್ದುಕೊಟ್ಟ ನಾಡಿನ ಹುಡುಗರು ಒಂದು 'ಓಕೆ' ಒತ್ತಿ ಅದನ್ನು ಬಿಟ್ಟುಕೊಡುವುದೇ?

ಬಾವುಟದ ಬಣ್ಣ ನೋಡಿ ಮರುಳಾಗಬೇಡಿ

ಪ್ಲೇ ಸ್ಟೋರಿನಲ್ಲಿ 'ಕನ್ನಡ ಕೀಬೋರ್ಡ್' ಎಂದು ಹುಡುಕಿ. ಸಾಲುಸಾಲು ಬರುತ್ತವೆ. ಅರಿಶಿನ ಕುಂಕುಮದ ಬಣ್ಣ ಬಳಿದುಕೊಂಡವು, ಭುವನೇಶ್ವರಿಯ ಚಿತ್ರ ಹಾಕಿಕೊಂಡವು, ಸ್ಟಿಕ್ಕರು ಕೊಡುವವು, ಅಕ್ಷರ ಒತ್ತುವ ಜಾಗದಲ್ಲೇ ಜಾಹೀರಾತು ತೋರಿಸುವವು. ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಎಂದು ಹಾಕಿಕೊಳ್ಳುತ್ತೇವೆ. ಬಣ್ಣ ಬಳಿದ ಮಾತ್ರಕ್ಕೆ ಅದು ಕನ್ನಡದ ಬಂಟ ಆಗುವುದಿಲ್ಲ. ಎರಡೇ ಎರಡು ಪ್ರಶ್ನೆ ಕೇಳಿ.

ಮೊದಲನೆಯದು: ಇದಕ್ಕೆ ಇಂಟರ್ನೆಟ್ ಬೇಕೇ? ಕ್ಯಾಮರಾ, ಮೈಕು ಬೇಕಾದರೆ ಆಂಡ್ರಾಯ್ಡ್ ನಿಮ್ಮನ್ನು ಕೇಳುತ್ತದೆ. ಇಂಟರ್ನೆಟ್ ಬಳಸಲು ಆ್ಯಪಿಗೆ ನಿಮ್ಮನ್ನು ಕೇಳುವ ಅಗತ್ಯವೇ ಇಲ್ಲ! ತಾನಾಗಿ ಸಿಕ್ಕಿಬಿಡುತ್ತದೆ. ನೀವೇ ಹೋಗಿ ನೋಡಬೇಕು. ಆ್ಯಪಿನ ಅನುಮತಿಗಳ ಪೂರ್ತಿ ಪಟ್ಟಿ ತೆರೆದು ಅದರಲ್ಲಿ 'ಫುಲ್ ನೆಟ್‌ವರ್ಕ್ ಆ್ಯಕ್ಸೆಸ್' ಇದೆಯೇ ನೋಡಿ. ಆ ಅನುಮತಿಯೇ ಇಲ್ಲದ ಕೀಬೋರ್ಡನ್ನು ಜಾಲಕ್ಕೆ ಹೋಗಲು ಆಂಡ್ರಾಯ್ಡ್ ಬಿಡುವುದಿಲ್ಲ. ನಾಲಿಗೆಯೇ ಇಲ್ಲದ ಕಂಪೋಸಿಟರ್ ಯಾರಿಗೆ ಚಾಡಿ ಹೇಳಿಯಾನು? ಐಫೋನ್ ಇಟ್ಟುಕೊಂಡವರು 'ಅಲೋ ಫುಲ್ ಆ್ಯಕ್ಸೆಸ್' ಎಂಬ ಸ್ವಿಚ್ ನೋಡಿ. ಹೊರಗಿನ ಕೀಬೋರ್ಡಿಗೆ ಅದನ್ನು ಒತ್ತದಿದ್ದರೆ ಅದು ಜಾಲಕ್ಕೆ ಹೋಗಲಾರದು.

ಎರಡನೆಯದು: ಇದರ ಸೋರ್ಸ್ ಕೋಡ್ ಬಹಿರಂಗವಾಗಿದೆಯೇ? ಸೋರ್ಸ್ ಕೋಡ್ ಎಂದರೆ ಅಡುಗೆಯ ವಿಧಾನ ಬರೆದಿಟ್ಟ ಚೀಟಿ ಎಂದುಕೊಳ್ಳಿ. ಮುಕ್ತ ತಂತ್ರಾಂಶದಲ್ಲಿ ಆ ಚೀಟಿ ಗೋಡೆಗೆ ಅಂಟಿಸಿರುತ್ತದೆ. ಯಾರು ಬೇಕಾದರೂ ಓದಬಹುದು, ತಪ್ಪು ಹಿಡಿಯಬಹುದು, ತಿದ್ದಿ ತಮ್ಮದೇ ಅಡುಗೆ ಮಾಡಬಹುದು. ನಿಮಗೆ ಕೋಡ್ ಓದಲು ಬಾರದಿರಬಹುದು, ನನಗೂ ಬಾರದು. ಆದರೆ ಓದಬಲ್ಲವರು ಸಾವಿರ ಜನ ಇದ್ದಾರೆ, ಕಳ್ಳತನ ಮಾಡಿದರೆ ಸಿಕ್ಕಿಬೀಳುವ ಭಯ ಇರುತ್ತದೆ.

ಈ ಎರಡು ಪರೀಕ್ಷೆಯಲ್ಲೂ ಪಾಸಾಗುವುದು ಹೆಲಿಬೋರ್ಡ್. ಗೂಗಲ್ ಕಂಪೆನಿಯೇ ಮುಕ್ತವಾಗಿ ಬಿಟ್ಟ ಆಂಡ್ರಾಯ್ಡ್ ಕೀಬೋರ್ಡಿನ ಕೋಡನ್ನು ಓಪನ್‌ಬೋರ್ಡ್ ಎಂಬ ಯೋಜನೆ ಬೆಳೆಸಿತು, ಅದರಿಂದ ಹುಟ್ಟಿದ್ದು ಇದು. ಇಂಟರ್ನೆಟ್ ಅನುಮತಿಯನ್ನೇ ಇದು ಕೇಳುವುದಿಲ್ಲ. ಕನ್ನಡದ ವಿನ್ಯಾಸ ಇದೆ. ಜಾಹೀರಾತಿಲ್ಲ, ದುಡ್ಡಿಲ್ಲ. ಮುಕ್ತ ತಂತ್ರಾಂಶಗಳಿಗೇ ಮೀಸಲಾದ ಎಫ್-ಡ್ರಾಯ್ಡ್ ಎಂಬ ಭಂಡಾರದಲ್ಲಿ ಸಿಗುತ್ತದೆ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಫೈಲ್ ಒತ್ತಿ ಹಾಕಿಕೊಳ್ಳಬೇಡಿ, ಅಲ್ಲಿಂದಲೇ ಇಳಿಸಿಕೊಳ್ಳಿ. ಯಾವ ಆ್ಯಪ್ ಆದರೂ ಕೊನೆಯ ಸಲ ಯಾವಾಗ ಪರಿಷ್ಕರಣೆಯಾಯಿತು ಎಂಬ ದಿನಾಂಕ ನೋಡುವುದನ್ನು ಮರೆಯಬೇಡಿ. ವರ್ಷಗಟ್ಟಲೆ ಯಾರೂ ಮುಟ್ಟದ ಆ್ಯಪ್ ಪಾಳುಬಿದ್ದ ಮನೆಯಿದ್ದಂತೆ.

ಹಾಕಿಕೊಂಡ ಮೇಲೆ ಮುದ್ರಕನ ಪರೀಕ್ಷೆ ಒಂದಿದೆ. 'ಕ್ಷ' ಮೂಡಿಸಿ: ಕ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಷ. 'ಅರ್ಕ' ಬರೆಯಿರಿ. 'ಋ', 'ಃ' ಎಲ್ಲಿದೆ ಹುಡುಕಿ. ಕನ್ನಡದ ಅಂಕಿ ೧, ೨, ೩ ಸಿಗುತ್ತದೆಯೇ ನೋಡಿ. ಮೊದಲ ಎರಡು ದಿನ ಬೆರಳು ತಡವರಿಸುತ್ತದೆ. ಮೂರನೆಯ ದಿನಕ್ಕೆ ತಾನಾಗಿ ಓಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಚಟ ಬಿಡಲು ಇದಕ್ಕಿಂತ ಒಳ್ಳೆಯ ಮದ್ದು ಬೇರೆ ಇಲ್ಲ.

ಎದುರುವಾದಕ್ಕೂ ಉತ್ತರ ಕೊಡಬೇಕು

ಗೂಗಲ್‌ನವರ ಜಿಬೋರ್ಡ್ ಚೆನ್ನಾಗಿದೆಯಲ್ಲ ಎನ್ನುತ್ತೀರಿ. ಹೌದು, ಚೆನ್ನಾಗಿದೆ. 2017ರಿಂದ ಗೂಗಲ್‌ನಲ್ಲಿ ಕನ್ನಡ ಮಾತಾಡಿದರೆ ಅಕ್ಷರವಾಗುತ್ತದೆ. ಎಷ್ಟೋ ಮಂದಿ ಹಿರಿಯರು ಇದರಿಂದಲೇ ಕನ್ನಡದಲ್ಲಿ ಸಂದೇಶ ಕಳಿಸುತ್ತಿದ್ದಾರೆ. ಆ ಉಪಕಾರ ಮರೆಯುವುದು ಬೇಡ. ಆದರೆ ಜಿಬೋರ್ಡಿನ ಕೋಡ್ ಮುಚ್ಚಿದ ಪೆಟ್ಟಿಗೆ. ಒಳಗೇನಿದೆ ಎಂದು ನಾವು ನೋಡುವಂತಿಲ್ಲ, ಅವರು ಹೇಳಿದ್ದನ್ನು ನಂಬಬೇಕು ಅಷ್ಟೆ. ಮುಕ್ತ ಕೀಬೋರ್ಡಿನಲ್ಲಿ ಪದ ಸೂಚಿಸುವ ಚುರುಕು ಕಡಿಮೆ, ಬೆರಳು ಜಾರಿಸಿ ಬರೆಯುವ ಸುಖ ಸುಲಭಕ್ಕೆ ಸಿಗದು, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಸೌಲಭ್ಯ ಎಲ್ಲದರಲ್ಲೂ ಇರದು. ಸುಳ್ಳು ಹೇಳಿ ನಿಮ್ಮನ್ನು ಕರೆತರುವುದಿಲ್ಲ. ಸ್ವಲ್ಪ ಕಷ್ಟ ಇದೆ. ಯಾವ ಕನ್ನಡದ ಕೆಲಸ ಕಷ್ಟವಿಲ್ಲದೆ ಆಗಿದೆ ಹೇಳಿ?

ಮುಚ್ಚಿದ ಪೆಟ್ಟಿಗೆಯ ಕಷ್ಟ ನಾನು ಉಂಡವನು. ನಮ್ಮ ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ದುಡ್ಡು ಕೊಟ್ಟು ಒಂದು ಕನ್ನಡ ತಂತ್ರಾಂಶ ತಂದೆವು. ಅದರ ಜೊತೆ ಬೆರಳುದ್ದದ ಡಾಂಗಲ್ ಬಂತು. ಅದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರೆ ಮಾತ್ರ ಕನ್ನಡ! ಮದುವೆ ಸೀಸನ್ನಿನಲ್ಲಿ ಒಂದು ದಿನ ಡಾಂಗಲ್ ಕೆಟ್ಟಿತು. ಲಗ್ನಪತ್ರಿಕೆಗಳು ಅರ್ಧಕ್ಕೆ ನಿಂತವು. ಫೈಲನ್ನು ಪಕ್ಕದ ಪ್ರೆಸ್ಸಿಗೆ ಒಯ್ದು ತೆರೆದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಚಿತ್ರವಿಚಿತ್ರ ಗೀಟುಗಳು. ಅಕ್ಷರ ನಮ್ಮದು, ಬೀಗದ ಕೈ ಅವರದು. ಯೂನಿಕೋಡ್ ಬಂದ ಮೇಲೆ ಒಂದೆಡೆ ಬರೆದದ್ದು ಇನ್ನೊಂದೆಡೆ ಓದಲು ಬಂತು, ಆ ಬೀಗ ಮುರಿಯಿತು. ಈಗ ಅದೇ ಬೀಗ ಕೀಬೋರ್ಡಿನ ರೂಪದಲ್ಲಿ ಮತ್ತೆ ಬಂದಿದೆ, ಅಷ್ಟೇ ವ್ಯತ್ಯಾಸ. ಕಂಪೆನಿ ನಾಳೆ ಕನ್ನಡ ಲಾಭವಿಲ್ಲ ಎಂದು ಕೈಬಿಟ್ಟರೆ ಯಾರ ಬಾಗಿಲು ತಟ್ಟುತ್ತೀರಿ? ಮುಕ್ತ ತಂತ್ರಾಂಶವಾದರೆ ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಎತ್ತಿಕೊಳ್ಳಬಹುದು. ಹೆಲಿಬೋರ್ಡ್ ಹುಟ್ಟಿದ್ದೇ ಹಾಗೆ.

ಕೆ.ಪಿ. ರಾವ್ ಅವರನ್ನು ನೆನೆಯಿರಿ. ಇಂಗ್ಲಿಷ್ ಕೀಲಿಗಳ ಮೇಲೆ ಕನ್ನಡವನ್ನು ಧ್ವನಿಗೆ ಹೊಂದುವಂತೆ ಕೂರಿಸುವ ವಿನ್ಯಾಸ ರೂಪಿಸಿದವರು ಅವರು. ಮುಂದೆ ಸರ್ಕಾರ ಪ್ರಮಾಣಿತ ಎಂದು ಒಪ್ಪಿಕೊಂಡ ಕೀಲಿಮಣೆಗೆ ಅದೇ ತಳಹದಿ. ಇವತ್ತು ಅದನ್ನು ಒತ್ತುವ ಯಾವ ಗುಮಾಸ್ತೆಯೂ ಯಾರಿಗೂ ಬಾಡಿಗೆ ಕಟ್ಟುತ್ತಿಲ್ಲ. ಆ ಪರಂಪರೆ ನಮ್ಮದು.

ಈಗ ನಾಚಿಕೆಯ ಮಾತು ಹೇಳುತ್ತೇನೆ. ಮೊಬೈಲಿಗೆ 'ಇಂಡಿಕ್ ಕೀಬೋರ್ಡ್' ಎಂಬ ಮುಕ್ತ ಆ್ಯಪನ್ನು ಹೊರತಂದವರು ಯಾರು? ಕೇರಳದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಬಳಗ. ತಮ್ಮ ಮಲಯಾಳಂ ಒಂದಕ್ಕೇ ಮಾಡಿ ಸುಮ್ಮನಾಗಲಿಲ್ಲ. ಕನ್ನಡವೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗೆ ಮಾಡಿದರು. ಅವರಿಗೆ ಕೈಮುಗಿಯೋಣ. ಆದರೆ ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ಬೆಂಗಳೂರಿನಲ್ಲಿ ಕೋಡ್ ಬರೆಯುವ ಕನ್ನಡದ ಹುಡುಗ ಹುಡುಗಿಯರು ಎಷ್ಟು ಸಾವಿರ ಇದ್ದೀರಿ? ವಾರವಿಡೀ ಅಮೆರಿಕದ ಬ್ಯಾಂಕಿಗೆ ದುಡಿಯುತ್ತೀರಿ, ದುಡಿಯಿರಿ. ಭಾನುವಾರದ ಎರಡು ಗಂಟೆ ನಿಮ್ಮ ತಾಯಿಭಾಷೆಯ ಕೀಬೋರ್ಡಿಗೆ ಕೊಡಲಾರಿರಾ?

ಕೋಡ್ ಬಾರದವರಿಗೂ ಕೆಲಸ ಇದೆ. ಹೆಲಿಬೋರ್ಡಿಗೆ ಪದಕೋಶವನ್ನು ನಾವೇ ಸೇರಿಸಬಹುದು. ಧಾರವಾಡದ ಮಾತು, ಮಂಗಳೂರಿನ ಮಾತು, ಮಂಡ್ಯದ ಮಾತು, ಕಲಬುರಗಿಯ ಮಾತು ಎಲ್ಲವೂ ಸೇರಿದ ಪದಪಟ್ಟಿಯನ್ನು ಕಟ್ಟುವವರು ಯಾರು? ಅಮೆರಿಕದವನು ಕಟ್ಟುತ್ತಾನೆಯೇ? ತಪ್ಪು ಕಂಡರೆ ಸಂಘದಲ್ಲಿ ಕೂತು ಬೈಯಬೇಡಿ, ಆ್ಯಪ್ ಮಾಡುವವರಿಗೆ ಬರೆದು ತಿಳಿಸಿ.

ಇವತ್ತೇ ಮಾಡಬೇಕಾದದ್ದು ಇಷ್ಟು. ನಿಮ್ಮ ಫೋನಿನ ಕೀಬೋರ್ಡಿನ ಅನುಮತಿಗಳ ಪಟ್ಟಿ ತೆರೆದು ನೋಡಿ. ಜಾಹೀರಾತಿನ ಕೀಬೋರ್ಡ್ ಇದ್ದರೆ ಕಿತ್ತೊಗೆಯಿರಿ. ಒಂದು ಮುಕ್ತ ಕೀಬೋರ್ಡನ್ನು ಹದಿನೈದು ದಿನ ಬಳಸಿ ನೋಡಿ. ಹಿಡಿಸಿದರೆ ನಿಮ್ಮ ಅಪ್ಪ ಅಮ್ಮನ ಫೋನಿಗೂ, ಸಂಘದ ಹತ್ತು ಜನರ ಫೋನಿಗೂ ಹಾಕಿಕೊಡಿ. ಇದಕ್ಕೆ ಯಾವ ಮಂತ್ರಿಯ ಮನೆ ಮುಂದೆ ಧರಣಿ ಕೂರಬೇಕಾಗಿಲ್ಲ, ಯಾವ ಕಾಯ್ದೆಗೂ ಕಾಯಬೇಕಾಗಿಲ್ಲ.

ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಸಿಕ್ಕಿತು. ಬೆರಳ ತುದಿಯ ಬೋರ್ಡಿನಲ್ಲಿ ನೂರಕ್ಕೆ ನೂರು ನಮ್ಮದಾಗಲಿ. ಅದರ ಬೀಗದ ಕೈ ಯಾವ ಕಂಪೆನಿಯ ಜೇಬಿನಲ್ಲೂ ಇಲ್ಲದಿರಲಿ.

ಸಿರಿಗನ್ನಡಂ ಗೆಲ್ಗೆ!

— ಒಬ್ಬ ಮುದ್ರಕ